ಮೂರನೇ ಬಾಹು ಎಷ್ಟು? ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಪೈಥಾಗೊರಸ್ ಪ್ರಮೇಯ ಬಾಯಿಪಾಠವಿದೆ. ಆದರೂ ಲೆಕ್ಕ ಮಾಡುವಾಗ ವರ್ಗಗಳನ್ನು ಕೂಡಬೇಕೋ ಕಳೆಯಬೇಕೋ ತಿಳಿಯುವುದಿಲ್ಲ.
– ಹತ್ತನೇ ತರಗತಿ ವಿದ್ಯಾರ್ಥಿನಿ, ಶಿರಸಿ

ಉತ್ತರ: ಸೂತ್ರಕ್ಕೆ ಕೈಹಾಕುವ ಮೊದಲು ಚಿತ್ರ ಬರೆದು 90 ಡಿಗ್ರಿ ಕೋನಕ್ಕೆ ಗುರುತು ಹಾಕಮ್ಮ. ಚಿತ್ರ ಹೇಗೇ ತಿರುಗಿರಲಿ, ಅದರ ಎದುರಿನ ಬಾಹುವೇ ವಿಕರ್ಣ. ವಿಕರ್ಣದ ವರ್ಗವೆಂದರೆ ಉಳಿದೆರಡು ಬಾಹುಗಳ ವರ್ಗಗಳ ಮೊತ್ತ. ಹಾಗಾಗಿ ಕೇಳಿರುವುದು ವಿಕರ್ಣವಾದರೆ ಕೂಡು, ಬೇರೆ ಬಾಹುವಾದರೆ ಕಳೆ. ವಿಕರ್ಣ 17 ಸೆಂ.ಮೀ., ಒಂದು ಬಾಹು 8 ಸೆಂ.ಮೀ. ಇದ್ದರೆ 289ರಲ್ಲಿ 64 ಕಳೆದು 225; ಅದರ ವರ್ಗಮೂಲ 15. ಹಲವರು 225ಕ್ಕೇ ನಿಂತುಬಿಡುತ್ತಾರೆ, ಎಚ್ಚರ. ಕಳೆಯುವ ಬದಲು ಕೂಡಿದ್ದರೆ ಬಾಹು ಸುಮಾರು 18.8 ಬರುತ್ತಿತ್ತು. ವಿಕರ್ಣಕ್ಕಿಂತ ಉದ್ದದ ಬಾಹು ಇರಲಾರದು, ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ.

ಪ್ರಶ್ನೆ: 20ಕ್ಕೆ 30 ಅಡಿಯ ಮನೆಗೆ ಪಾಯದ ಮಾರ್ಕಿಂಗ್ ಆಗಿದೆ. ಮೂಲೆಗಳು ಸರಿಯಾಗಿವೆಯೇ ಎಂದು ಬರೀ ಟೇಪಿನಿಂದ ನೋಡಬಹುದೇ?
– ಓದುಗರು, ತುಮಕೂರು

ಉತ್ತರ: ಖಂಡಿತ ನೋಡಬಹುದು, ಪಾಯ ಅಗೆಯುವ ಮೊದಲೇ ನೋಡಿ. ಮೊದಲು ನಾಲ್ಕೂ ಬದಿ ಅಳೆದು, ಎದುರುಬದುರು ಬದಿಗಳು ಸಮವಿವೆ ಎಂದು ಖಚಿತಪಡಿಸಿಕೊಳ್ಳಿ. ಆಮೇಲೆ ಎದುರು ಮೂಲೆಯಿಂದ ಮೂಲೆಗೆ ಎರಡೂ ಕಡೆ, ಅಂದರೆ ಎರಡೂ ಕರ್ಣಗಳನ್ನು, ಅಳೆಯಿರಿ. 20ರ ವರ್ಗ 400ಕ್ಕೆ 30ರ ವರ್ಗ 900 ಕೂಡಿದರೆ 1300, ವರ್ಗಮೂಲ ಸುಮಾರು 36.06 ಅಡಿ; ಎರಡೂ ಅಳತೆ ಇಷ್ಟೇ ಬರಬೇಕು. ಇದನ್ನು 36 ಅಡಿ 6 ಇಂಚು ಎಂದು ಓದಬಾರದು! ದಶಮಾಂಶದ ಭಾಗವನ್ನು 12ರಿಂದ ಗುಣಿಸಿದರೆ ಇಂಚು ಸಿಗುತ್ತದೆ. ಇಲ್ಲಿ ಅದು ಮುಕ್ಕಾಲು ಇಂಚಿಗೂ ಕಡಿಮೆ. 36 ಅಡಿ 6 ಇಂಚಿಗೆ ಗೂಟ ಹೊಡೆದರೆ ಮೂಲೆ ಒಂದೂವರೆ ಡಿಗ್ರಿ ಅಗಲವಾಗಿ, 20 ಅಡಿ ಗೋಡೆಯ ತುದಿ ಆರು ಇಂಚಿಗೂ ಹೆಚ್ಚು ಜರುಗುತ್ತದೆ. ಟೈಲ್ಸ್ ಹಾಕುವ ದಿನ ಅದು ಕಣ್ಣಿಗೆ ಹೊಡೆಯುತ್ತದೆ. 30ಕ್ಕೆ 40 ಆಗಿದ್ದರೆ ಈ ತಾಪತ್ರಯವಿಲ್ಲ, ಸರಿಯಾಗಿ 50 ಅಡಿ.

ಎರಡು ಕರ್ಣ ಸಮ ಬಂದವೆಂದು ಬದಿ ಅಳೆಯುವುದನ್ನು ಬಿಡಬೇಡಿ. ಒಂದು ಕಡೆ ಕಿರಿದಾದ ಆಕಾರದಲ್ಲೂ ಅವು ಸಮ ಬರಬಹುದು. ಟೇಪು ಜೋತುಬಿದ್ದರೂ, ಇಳಿಜಾರಿನ ಮೇಲೆ ಹಾಸಿದರೂ ಅಳತೆ ಹೆಚ್ಚು ತೋರಿಸುತ್ತದೆ. ಬಿಗಿಯಾಗಿ, ಮಟ್ಟವಾಗಿ ಹಿಡಿದು ಮೊಳೆಯಿಂದ ಮೊಳೆಗೆ ಅಳೆಯಿರಿ.

ಪ್ರಶ್ನೆ: ಒಂದು ಬಾಹು, ಒಂದು ಕೋನ ಮಾತ್ರ ಗೊತ್ತಿದ್ದರೆ?
– ಓದುಗರು, ಪುತ್ತೂರು

ಉತ್ತರ: ಆಗ ತ್ರಿಕೋನಮಿತಿ, ಅಂದರೆ ಲಂಬಕೋನ ತ್ರಿಭುಜದ ಕೋನಕ್ಕೂ ಬಾಹುಗಳಿಗೂ ಇರುವ ನಂಟಿನ ಲೆಕ್ಕ, ಬೇಕು. ತೆಂಗಿನ ಮರದಿಂದ 20 ಮೀಟರ್ ದೂರ ನಿಂತಾಗ ತುದಿ 30 ಡಿಗ್ರಿ ಮೇಲಕ್ಕೆ ಕಂಡರೆ, 20ನ್ನು ಟ್ಯಾನ್ 30ರಿಂದ (ಆ ಕೋನದ ಎದುರಿನ ಬಾಹು ಪಕ್ಕದ ಬಾಹುವಿನ ಎಷ್ಟು ಪಟ್ಟು ಎಂಬ ಸಂಖ್ಯೆ), ಅಂದರೆ 0.577ರಿಂದ ಗುಣಿಸಿ: ಸುಮಾರು 11.5 ಮೀಟರ್. ಇದು ನಿಮ್ಮ ಕಣ್ಣಿನ ಮಟ್ಟದಿಂದ ಮೇಲಿನ ಎತ್ತರ. ಕಣ್ಣು ನೆಲದಿಂದ 1.5 ಮೀಟರ್ ಇದ್ದರೆ ಮರ 13 ಮೀಟರ್. ಟ್ಯಾನ್ 30 ಒತ್ತಿದಾಗ ಕ್ಯಾಲ್ಕುಲೇಟರ್ –6.4 ತೋರಿಸಿದರೆ ಅದು ಕೋನ ಅಳೆಯುವ ಇನ್ನೊಂದು ಮಾನವಾದ ರೇಡಿಯನ್‌ನಲ್ಲಿದೆ; ಡಿಗ್ರಿಗೆ ಬದಲಿಸಿ.