ಎಎಂಎಚ್ ಚೆನ್ನಾಗಿದೆ ಎಂದು ಇನ್ನೊಂದು ವರ್ಷ ಕಾಯಬಹುದೇ?

ಈ ಬಾರಿ ಬಂದ ಪತ್ರಗಳಲ್ಲಿ ಮೊದಲನೆಯದಕ್ಕೇ ಹೆಚ್ಚಿನ ಜಾಗ ಕೊಡುತ್ತಿದ್ದೇನೆ. ಇದೇ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಮತ್ತೆ ಮತ್ತೆ ಬರುತ್ತದೆ. ಇಂಥ ಭರವಸೆಯನ್ನು ನಂಬಿ ವರ್ಷಗಳನ್ನು ಕಳೆದುಕೊಂಡ ಮೇಲೆ ಬರುವ ದಂಪತಿಗಳನ್ನು ಕಂಡಾಗ ನನಗೆ ಸಂಕಟವಾಗುತ್ತದೆ.

ಪ್ರಶ್ನೆ: ನನಗೆ 38 ವರ್ಷ, ಪತಿಗೆ 45. ಒಂಬತ್ತು ತಿಂಗಳಿನಿಂದ ಪ್ರಯತ್ನಿಸುತ್ತಿದ್ದೇವೆ. ಮುಟ್ಟು ಸರಿಯಾಗಿ ಆಗುತ್ತಿದೆ, ಎಎಂಎಚ್ (ಅಂಡಾಶಯದ ಹಾರ್ಮೋನೊಂದರ ರಕ್ತಪರೀಕ್ಷೆ) ವರದಿಯೂ ಚೆನ್ನಾಗಿದೆ. ಅಂಡಾಣುಗಳ ಗುಣಮಟ್ಟ ಹೆಚ್ಚಿಸುವ ಪುಡಿಯೊಂದನ್ನು ಪರಿಚಿತರು ಕೊಡಿಸಿದ್ದಾರೆ. ತಮಗೆ ಪರೀಕ್ಷೆ ಬೇಕಿಲ್ಲ ಎಂದು ಪತಿ ಹೇಳುತ್ತಾರೆ. ಇನ್ನೊಂದು ವರ್ಷ ಕಾಯಬಹುದೇ?

ಕಾಯಬೇಡಿ. 35 ದಾಟಿದವರು ಆರು ತಿಂಗಳ ಪ್ರಯತ್ನದ ನಂತರ ವೈದ್ಯರನ್ನು ಕಾಣಬೇಕು. 40 ದಾಟಿದವರು ಪ್ರಯತ್ನ ಆರಂಭಿಸುವಾಗಲೇ ಕಾಣುವುದು ಒಳ್ಳೆಯದು. ಒಂದು ವರ್ಷ ನೋಡೋಣ ಎನ್ನುವ ಮಾತು 35ರೊಳಗಿನವರಿಗೆ, ಅದೂ ಬೇರೆ ತೊಂದರೆಗಳಿಲ್ಲದವರಿಗೆ ಮಾತ್ರ ಅನ್ವಯಿಸುತ್ತದೆ.

ಎಎಂಎಚ್ ಎಂಬುದು ಅಂಡಾಶಯದಲ್ಲಿ ಬೆಳೆಯುತ್ತಿರುವ, ಅಂಡಾಣುಗಳನ್ನು ಹೊತ್ತ ಸಣ್ಣ ಕೋಶಕಗಳು ಸ್ರವಿಸುವ ಹಾರ್ಮೋನು. ಅಂಡಾಣುಗಳ ದಾಸ್ತಾನು ಎಷ್ಟಿರಬಹುದು, ಅಂಡಾಶಯವನ್ನು ಪ್ರಚೋದಿಸುವ ಚುಚ್ಚುಮದ್ದು ಕೊಟ್ಟರೆ ಎಷ್ಟು ಅಂಡಾಣುಗಳು ಸಿಗಬಹುದು ಎಂಬ ಅಂದಾಜನ್ನು ಅದು ಕೊಡುತ್ತದೆ. ಆ ಅಂಡಾಣುಗಳು ಆರೋಗ್ಯವಾಗಿವೆಯೇ ಎಂಬುದರ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಎಎಂಎಚ್ ಕಡಿಮೆಯಿರುವ 28ರ ಯುವತಿ ಸಹಜವಾಗಿ ಗರ್ಭ ಧರಿಸಬಹುದು. ಎಎಂಎಚ್ ಚೆನ್ನಾಗಿರುವ 38ರ ಮಹಿಳೆಯ ಅಂಡಾಣುವಿನ ವಯಸ್ಸು 38 ಆಗಿಯೇ ಇರುತ್ತದೆ. ಮುಟ್ಟು ಕ್ರಮವಾಗಿದ್ದರೆ ಅಂಡಾಣು ಬಿಡುಗಡೆಯಾಗುತ್ತಿದೆ ಎಂದು ಊಹಿಸಬಹುದು, ಅದಕ್ಕಿಂತ ಹೆಚ್ಚಿನದನ್ನು ಊಹಿಸಲಾಗದು.

ಹೆಣ್ಣಿನ ಅಂಡಾಣುಗಳೆಲ್ಲವೂ ಆಕೆ ಹುಟ್ಟುವ ಮೊದಲೇ ರೂಪುಗೊಂಡಿರುತ್ತವೆ. ಗರ್ಭದಲ್ಲಿ ಐದನೆಯ ತಿಂಗಳ ಹೊತ್ತಿಗೆ ಸುಮಾರು 60ರಿಂದ 70 ಲಕ್ಷವಿದ್ದದ್ದು ಜನನದ ವೇಳೆಗೆ 10ರಿಂದ 20 ಲಕ್ಷಕ್ಕೆ, ಮೈನೆರೆಯುವ ಹೊತ್ತಿಗೆ ಮೂರು ನಾಲ್ಕು ಲಕ್ಷಕ್ಕೆ ಇಳಿಯುತ್ತದೆ. ಇಷ್ಟರಲ್ಲಿ ಜೀವಮಾನವಿಡೀ ಬಿಡುಗಡೆಯಾಗುವುದು 400–500 ಮಾತ್ರ. ಆದರೆ ಸಂಖ್ಯೆಯ ಇಳಿತಕ್ಕಿಂತ ದೊಡ್ಡ ಸಮಸ್ಯೆ ಬೇರೆಯಿದೆ. ಭ್ರೂಣಾವಸ್ಥೆಯಲ್ಲಿ ಆರಂಭವಾಗಿ ನಡುವೆಯೇ ನಿಂತ ಕೋಶವಿಭಜನೆ, ಆ ಅಂಡಾಣು ಬಿಡುಗಡೆಯಾಗುವ ತಿಂಗಳಿನಲ್ಲಷ್ಟೇ ಮುಂದುವರಿಯುತ್ತದೆ. ಅಲ್ಲಿಯವರೆಗೆ ವರ್ಣತಂತುಗಳನ್ನು ಜೋಡಿಯಾಗಿ ಹಿಡಿದಿಟ್ಟಿರುವ ಪ್ರೋಟೀನುಗಳು ದಶಕಗಳು ಕಳೆದಂತೆ ಸಡಿಲಗೊಳ್ಳುತ್ತವೆ. ಹಾಗಾಗಿ ವರ್ಣತಂತುಗಳ ಹಂಚಿಕೆ ತಪ್ಪುತ್ತದೆ. ಅಂಥ ಅಂಡಾಣುವಿನಿಂದ ಉಂಟಾದ ಭ್ರೂಣ ಬಹುಪಾಲು ನಿಲ್ಲುವುದೇ ಇಲ್ಲ, ನಿಂತರೂ ಹೆಚ್ಚಾಗಿ ಗರ್ಭಪಾತವಾಗುತ್ತದೆ. ಇಪ್ಪತ್ತರ ಕೊನೆಯಲ್ಲಿ ಪ್ರತಿ ತಿಂಗಳು ಶೇ 20–25ರಷ್ಟಿರುವ ಗರ್ಭ ಧರಿಸುವ ಸಾಧ್ಯತೆ 40ರ ಹೊತ್ತಿಗೆ ಶೇ 5ರ ಆಸುಪಾಸಿಗೆ ಇಳಿಯುವುದಕ್ಕೂ, ಡೌನ್ ಸಿಂಡ್ರೋಮ್ (ಒಂದು ವರ್ಣತಂತು ಹೆಚ್ಚಿರುವುದರಿಂದ ಬರುವ ಸ್ಥಿತಿ) ಇರುವ ಮಗು ಹುಟ್ಟುವ ಸಾಧ್ಯತೆ ತಾಯಿಗೆ 25 ವರ್ಷವಿದ್ದಾಗ ಸುಮಾರು 1,250ರಲ್ಲಿ ಒಂದು ಇದ್ದದ್ದು 35ರಲ್ಲಿ 350ರಲ್ಲಿ ಒಂದಕ್ಕೆ, 40ರಲ್ಲಿ 100ರಲ್ಲಿ ಒಂದಕ್ಕೆ ಏರುವುದಕ್ಕೂ ಮುಖ್ಯ ಕಾರಣ ಇದೇ. ಇವು ಸರಾಸರಿಗಳು. 38ರಲ್ಲಿ ಸಹಜವಾಗಿ ಗರ್ಭ ಧರಿಸಿ ಆರೋಗ್ಯವಂತ ಮಗುವನ್ನು ಹೆರುವವರು ಬಹಳ ಮಂದಿ ಇದ್ದಾರೆ, ನೀವೂ ಅವರಲ್ಲೊಬ್ಬರಾಗಬಹುದು. ಆ ಸಾಧ್ಯತೆಯನ್ನು ಉಳಿಸಿಕೊಳ್ಳಲೆಂದೇ ತಡಮಾಡಬೇಡಿ ಎನ್ನುತ್ತಿದ್ದೇನೆ.

ಪುಡಿಯನ್ನು ಇಂದೇ ನಿಲ್ಲಿಸಿ. ಅಂಡಾಣುವಿನ ವಯಸ್ಸನ್ನು ಹಿಂದಕ್ಕೆ ತಿರುಗಿಸುವ ಔಷಧ ಯಾವ ಪದ್ಧತಿಯಲ್ಲೂ ಇಲ್ಲ. ಅಂಡಾಶಯಕ್ಕೆ ಪ್ಲಾಸ್ಮಾ ಚುಚ್ಚಿ ಅದನ್ನು ‘ಮತ್ತೆ ಯೌವನಕ್ಕೆ ತರುತ್ತೇವೆ’ ಎನ್ನುವ ಕ್ಲಿನಿಕ್‌ಗಳಿಗೂ ಇದೇ ಮಾತು ಸಲ್ಲುತ್ತದೆ. ಫಲ ಸಾಬೀತಾಗದ ಚಿಕಿತ್ಸೆಯನ್ನು ಆತಂಕದಲ್ಲಿರುವವರಿಗೆ ಹಣ ಪಡೆದು ಮಾರುವುದು ವೈದ್ಯಕೀಯಕ್ಕೆ ಮಾಡುವ ದ್ರೋಹ. ಪ್ರಯೋಗಾಲಯದಲ್ಲಿ ಭ್ರೂಣ ರೂಪಿಸುವ ಐವಿಎಫ್ ಕೂಡ ಹಳೆಯ ಅಂಡಾಣುವನ್ನು ಹೊಸದಾಗಿಸುವುದಿಲ್ಲ. ದಾನಿಯ ಅಂಡಾಣು ಬಳಸಿದಾಗ ಯಶಸ್ಸು ಬಹುಮಟ್ಟಿಗೆ ದಾನಿಯ ವಯಸ್ಸನ್ನೇ ಅವಲಂಬಿಸುತ್ತದೆ ಎಂಬುದನ್ನು ನೋಡಿದರೆ, ಅಡ್ಡಿ ಎಲ್ಲಿದೆ ಎಂಬುದು ತಿಳಿಯುತ್ತದೆ.

ಇನ್ನು ನಿಮ್ಮ ಪತಿಯ ವಿಷಯ. ಮಕ್ಕಳಾಗದ ದಂಪತಿಗಳಲ್ಲಿ ಸರಿಸುಮಾರು ಅರ್ಧದಷ್ಟು ಮಂದಿಯಲ್ಲಿ ಗಂಡಸಿನ ಕಡೆಯ ಕಾರಣವೂ ಪೂರ್ಣವಾಗಿಯೋ ಭಾಗಶಃವಾಗಿಯೋ ಇರುತ್ತದೆ. ಹೀಗಿದ್ದೂ ಹೆಂಡತಿಗೆ ರಕ್ತಪರೀಕ್ಷೆ, ಸ್ಕ್ಯಾನ್, ಗರ್ಭನಾಳದ ಎಕ್ಸ್‌ರೇ ಎಲ್ಲವೂ ಮುಗಿದ ಮೇಲೆ, ಕೊನೆಯಲ್ಲಿ ಸಂಕೋಚದಿಂದ ವೀರ್ಯ ಪರೀಕ್ಷೆಗೆ ಒಪ್ಪುವ ಗಂಡಸರು ಇಂದಿಗೂ ಇದ್ದಾರೆ. ನೋವಿಲ್ಲದ, ಸುಲಭದ ಆ ಪರೀಕ್ಷೆ ಮೊದಲ ವಾರದಲ್ಲೇ ಆಗಬೇಕು. ಗಂಡಸಿನಲ್ಲಿ ವೀರ್ಯಾಣುಗಳ ಉತ್ಪತ್ತಿ ಕೊನೆಯವರೆಗೂ ನಡೆಯುತ್ತದೆ ಎಂಬುದು ನಿಜ. ಅವು ಎಂದಿಗೂ ಹಾಗೆಯೇ ಉಳಿಯುತ್ತವೆ ಎಂಬುದು ಸುಳ್ಳು. ನಲವತ್ತು ದಾಟಿದಂತೆ ವೀರ್ಯದ ಪ್ರಮಾಣ ಮತ್ತು ವೀರ್ಯಾಣುಗಳ ಚಲನೆ ಕುಗ್ಗುತ್ತವೆ, ಅವುಗಳ ಡಿಎನ್‌ಎಯಲ್ಲಿ ಮುರಿತ ಹೆಚ್ಚುತ್ತದೆ, ಗರ್ಭ ನಿಲ್ಲಲು ಹೆಚ್ಚು ಕಾಲ ಬೇಕಾಗುತ್ತದೆ, ಹೆಂಡತಿ ಚಿಕ್ಕವಳಾಗಿದ್ದರೂ ಗರ್ಭಪಾತದ ಅಪಾಯ ಸ್ವಲ್ಪ ಏರುತ್ತದೆ. ತಂದೆಯ ವಯಸ್ಸು ಒಂದು ವರ್ಷ ಹೆಚ್ಚಿದಂತೆ ಮಗುವಿಗೆ ದಾಟುವ, ಡಿಎನ್‌ಎಯಲ್ಲಿನ ಹೊಸ ರೂಪಾಂತರಗಳು (ಬದಲಾವಣೆಗಳು) ಸರಾಸರಿ ಒಂದೆರಡು ಹೆಚ್ಚುತ್ತವೆ. ಬಹುಪಾಲು ನಿರಪಾಯಕಾರಿಯಾದರೂ, ಕುಬ್ಜತೆಯನ್ನು ತರುವ ಅಕಾಂಡ್ರೋಪ್ಲೇಸಿಯದಂಥ ಅಪರೂಪದ ಕಾಯಿಲೆಗಳಿಗೂ ತಂದೆಯ ವಯಸ್ಸಿಗೂ ಇರುವ ನಂಟು ಸ್ಪಷ್ಟವಾಗಿದೆ. ವೀರ್ಯಾಣು ತಯಾರಾಗಲು ಸುಮಾರು ಎರಡೂವರೆ ತಿಂಗಳು ಬೇಕು. ಆದ್ದರಿಂದ ಅವರು ಇಂದು ಧೂಮಪಾನ ಬಿಟ್ಟರೂ ಫಲ ಕಾಣುವುದು ಮೂರು ತಿಂಗಳ ನಂತರ. ಅವರು ಪರೀಕ್ಷೆಯನ್ನು ಮುಂದೂಡಿದ ಪ್ರತಿ ತಿಂಗಳೂ ನಿಮ್ಮ ಅಂಡಾಣುಗಳ ಲೆಕ್ಕದಿಂದ ಕಳೆಯುತ್ತದೆ ಎಂಬುದನ್ನು ಅವರಿಗೆ ದಯವಿಟ್ಟು ಓದಿ ಹೇಳಿ.

ಪ್ರಶ್ನೆ: ಎಂಟು ವರ್ಷ ಗರ್ಭನಿರೋಧಕ ಮಾತ್ರೆ ಸೇವಿಸಿದ್ದೇನೆ. ಅಷ್ಟು ಅಂಡಾಣುಗಳು ಉಳಿದಿರುತ್ತವೆಯಲ್ಲವೇ?

ಇಲ್ಲ. ಅವು ಮಾತ್ರೆಯಿಂದ ನಾಶವಾಗಿಲ್ಲ, ಉಳಿದೂ ಇಲ್ಲ; ಬಿಡುಗಡೆಯಾಗದಿದ್ದರೂ ವಯಸ್ಸಿನೊಂದಿಗೆ ತಾವಾಗಿಯೇ ಕಡಿಮೆಯಾಗುತ್ತವೆ.

ಪ್ರಶ್ನೆ: ಗಂಡು ಮಗುವಾಗಲು ಯಾವ ದಿನ ಕೂಡಬೇಕು?

ಈ ಪ್ರಶ್ನೆಗೆ ನಾನು ಉತ್ತರಿಸುವುದಿಲ್ಲ.

ಪ್ರಶ್ನೆ: ನನಗೆ 31. ಅಂಡಾಣುಗಳನ್ನು ಶೈತ್ಯೀಕರಿಸಿ ಇಟ್ಟರೆ ನಿಶ್ಚಿಂತೆಯಿಂದ ಇರಬಹುದೇ?

ಶೈತ್ಯೀಕರಿಸಿದ ಅಂಡಾಣು ಅಂದಿನ ವಯಸ್ಸನ್ನೇ ಉಳಿಸಿಕೊಳ್ಳುತ್ತದೆ, ಆದ್ದರಿಂದ 35ರೊಳಗೆ ಮಾಡಿಸುವುದಕ್ಕೆ ಅರ್ಥವಿದೆ. ಅದು ಮಗುವಿನ ಖಾತರಿಯಲ್ಲ. ಹಲವು ಅಂಡಾಣುಗಳಿಂದ ಒಂದೇ ಮಗುವಾಗಬಹುದು, ಆಗದೆಯೂ ಇರಬಹುದು. ಖಾತರಿ ಎಂದು ಮಾತು ಕೊಡುವ ಕ್ಲಿನಿಕ್ಕಿನಿಂದ ಎದ್ದು ಬನ್ನಿ.

ಪ್ರಶ್ನೆ: 42ರ ನಾನು ಶಕ್ತಿಗಾಗಿ ಟೆಸ್ಟೋಸ್ಟಿರಾನ್ ಚುಚ್ಚುಮದ್ದು ತೆಗೆದುಕೊಳ್ಳುತ್ತಿದ್ದೇನೆ. ಇದರಿಂದ ವೀರ್ಯಾಣುಗಳೂ ಹೆಚ್ಚುತ್ತವೆಯೇ?

ಕಡಿಮೆಯಾಗುತ್ತವೆ, ಸಂಪೂರ್ಣ ಇಲ್ಲವಾಗಲೂಬಹುದು. ಹೊರಗಿನಿಂದ ಈ ಹಾರ್ಮೋನು ಬಂದಾಗ ವೃಷಣಗಳಿಗೆ ಮಿದುಳು ಕಳುಹಿಸುವ ಸಂಕೇತ ನಿಂತುಹೋಗುತ್ತದೆ. ಬಿಟ್ಟ ಮೇಲೂ ಚೇತರಿಕೆಗೆ ತಿಂಗಳುಗಳು ಬೇಕು, ಕೆಲವರಲ್ಲಿ ಇನ್ನೂ ಹೆಚ್ಚು. ಮಗು ಬೇಕೆಂದಿದ್ದರೆ ಈ ವಾರವೇ ತಜ್ಞರನ್ನು ಕಂಡು, ವೀರ್ಯ ಪರೀಕ್ಷೆ ಮಾಡಿಸಿ, ಚುಚ್ಚುಮದ್ದನ್ನು ಹೇಗೆ ಬಿಡಬೇಕೆಂದು ಅವರಿಂದಲೇ ಕೇಳಿಕೊಳ್ಳಿ.