ಪಕ್ಕದ ಶೆಡ್ಡಿನ 15 ವರ್ಷದ ಒಡಿಯಾ ಹುಡುಗನಿಗೆ ಬ್ಲಡ್ ಕ್ಯಾನ್ಸರ್, ಕಿದ್ವಾಯಿಯಲ್ಲಿ ಕೀಮೋ ನಡೆಯುತ್ತಿದೆ. ಈಗೀಗ ಮಾತೇ ಬಿಟ್ಟಿದ್ದಾನೆ. ನಾವೇನು ಮಾಡಬಹುದು?

ಅಪ್ಪ ಅಮ್ಮನಿಗೆ ಕನ್ನಡ ಬರುವುದಿಲ್ಲ, ಡಾಕ್ಟರು ಹೇಳಿದ್ದನ್ನೆಲ್ಲ ಹುಡುಗನೇ ಅವರಿಗೆ ತಿಳಿಸುತ್ತಾನೆ ಎಂದು ಬರೆದಿದ್ದೀರಿ. ಮೊದಲು ಅದನ್ನು ನಿಲ್ಲಿಸಿ. ತನ್ನ ಕಾಯಿಲೆಯ ಸುದ್ದಿಯನ್ನು ತಾಯಿಗೆ ತಾನೇ ಹೇಳಬೇಕಾದ ಮಗು ಅರ್ಧ ನುಂಗಿಕೊಳ್ಳುತ್ತದೆ. ಮನೆಯವರಿಗೆ ಮಾತ್ರೆಯ ಲೆಕ್ಕವೂ ತಪ್ಪುತ್ತದೆ. ಕಟ್ಟಡದ ಕೆಲಸದಲ್ಲೋ ಗಾರ್ಮೆಂಟ್ಸ್‌ನಲ್ಲೋ ಇರುವ, ಎರಡೂ ಭಾಷೆ ಬಲ್ಲ ದೊಡ್ಡವರೊಬ್ಬರನ್ನು ಮುಂದಿನ ಓಪಿಡಿಗೆ ಕರೆದೊಯ್ಯಿರಿ. ಹೇಳಿದ್ದನ್ನು ಹೇಳಿದ ಹಾಗೇ ಹೇಳಬೇಕು, ಹೊರಗೆ ಬಾಯಿಬಿಡಬಾರದು ಎಂದು ಅವರಿಗೆ ಮೊದಲೇ ತಿಳಿಸಿ. ಎರಡು ಮಾತಿಗೊಮ್ಮೆ ನಿಲ್ಲಿಸಿ ಎಂದು ಡಾಕ್ಟರನ್ನು ಕೇಳಿಕೊಳ್ಳಿ. ಏನು ಅರ್ಥವಾಯಿತೆಂದು ಕೊನೆಗೆ ತಾಯಿಯೇ ಹೇಳಿ ತೋರಿಸಲಿ.

ಈ ಮೌನ, ಸಿಡುಕು ಪೂರ್ತಿ ಮನಸ್ಸಿನದೇ ಇರಲಾರದು. ಈ ಕಾಯಿಲೆಯ ಹಲವು ಬಗೆಗಳಿಗೆ ಕೊಡುವ ಡೆಕ್ಸಾಮೆಥಾಸೋನ್, ಪ್ರೆಡ್ನಿಸೋಲೋನ್ ಸ್ಟಿರಾಯ್ಡ್‌ಗಳು ನಿದ್ದೆ ಕೆಡಿಸುತ್ತವೆ, ಹಸಿವು ಕೆರಳಿಸುತ್ತವೆ, ಕಾರಣವಿಲ್ಲದೆ ಅಳು ಸಿಟ್ಟು ತರುತ್ತವೆ. ಮಾತ್ರೆ ಶುರುವಾದ ಮತ್ತು ನಿಂತ ದಿನ, ಅವನು ಹೇಗಿದ್ದ ಎಂಬುದನ್ನು ಕ್ಯಾಲೆಂಡರಿನಲ್ಲಿ ಬರೆದು ಡಾಕ್ಟರಿಗೆ ತೋರಿಸಿ. ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ.

ದೊಡ್ಡವರೊಬ್ಬರು ಮಾತು ದಾಟಿಸತೊಡಗಿದ ಮೇಲೆ 'ಇನ್ನು ಅವನಿಗೆ ಹೇಳಬೇಡಿ' ಎಂದು ಮನೆಯವರು ಬೇಡಬಹುದು. ಆ ಪ್ರೀತಿ ನನಗೆ ಅರ್ಥವಾಗುತ್ತದೆ, ಆದರೆ ಡಾಕ್ಟರ ಮಾತನ್ನು ಇದುವರೆಗೆ ಕೇಳಿದವನೇ ಅವನು, ಉಳಿದದ್ದನ್ನು ಮೊಬೈಲು, ಪಕ್ಕದ ಮಂಚದ ಹುಡುಗರು ಹೇಳಿಬಿಟ್ಟಿರುತ್ತಾರೆ. ಗೊತ್ತಿದ್ದೂ ಕೇಳುವಂತಿಲ್ಲ ಎಂಬ ಇಕ್ಕಟ್ಟಿನಲ್ಲೇ ಮಕ್ಕಳು ಮಾತು ಬಿಡುತ್ತಾರೆ. ಡಾಕ್ಟರೋ ಕೌನ್ಸೆಲರೋ ಹತ್ತು ನಿಮಿಷ ಅವನೊಬ್ಬನ ಜೊತೆ ಕೂರಲಿ. 'ನಿನಗೆ ಇದುವರೆಗೆ ಏನು ಗೊತ್ತಾಗಿದೆ?' ಎಂಬಲ್ಲಿಂದ ಶುರುಮಾಡಲಿ. ಅಡ್ಮಿಟ್ ಆಗಬೇಕಲ್ಲ ಎಂದು ಈ ವಯಸ್ಸಿನವರು ಜ್ವರ ಮುಚ್ಚಿಡುವುದುಂಟು. ಮನೆಯಲ್ಲಿ ಥರ್ಮಾಮೀಟರ್ ಇರಲಿ. 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಪ್ಯಾರಾಸಿಟಮಾಲ್ ಕೊಟ್ಟು ಕಾಯದೆ, ರಾತ್ರಿಯಾದರೂ ಆಸ್ಪತ್ರೆಗೆ ಹೊರಡಿ.

ಇದು ಬಹಳ ಕಾಲ, ಕೆಲವು ಬಗೆಯ ಬ್ಲಡ್ ಕ್ಯಾನ್ಸರ್‌ನಲ್ಲಿ ಎರಡು ವರ್ಷ ಮೀರಿಯೂ ನಡೆಯುವ ಚಿಕಿತ್ಸೆ. ಕೂಲಿ ತಪ್ಪಿ, ಬಾಡಿಗೆ ಏರಿ, ಕುಟುಂಬ ಊರಿಗೆ ಹೋದರೆ ಚಿಕಿತ್ಸೆ ಅಲ್ಲಿಗೇ ನಿಲ್ಲುತ್ತದೆ. ಹಾಗಾಗುವ ಮೊದಲೇ ಆಸ್ಪತ್ರೆಯ ಸಮಾಜ ಕಾರ್ಯಕರ್ತರನ್ನು ಕಾಣಿ. ರೈಲ್ವೆ ರಿಯಾಯಿತಿಯ ಫಾರಂ ಕೇಳಿ: ಚಿಕಿತ್ಸೆಗಾಗಿ ಸ್ಲೀಪರಿನಲ್ಲಿ ಹೋಗುವ ಕ್ಯಾನ್ಸರ್ ರೋಗಿಗೆ ಪೂರ್ತಿ, ಜೊತೆಗಿರುವ ಒಬ್ಬರಿಗೆ 75% ರಿಯಾಯಿತಿ ಇದೆ.

'ಬದುಕಿ ಏನಾಗಬೇಕು' ಎಂದು ಹುಡುಗ ಅಂದರೆ ಮಾತು ತೇಲಿಸಬೇಡಿ. ಸಾಯಬೇಕು ಅನಿಸುತ್ತಿದೆಯಾ ಎಂದು ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದೆಂದರೆ ಒಂಟಿಯಾಗಿ ಬಿಡದೆ, ಮಾತ್ರೆಗಳನ್ನು ದೊಡ್ಡವರ ಕೈಯಲ್ಲಿಟ್ಟು, ಅಂದೇ ಅವನ ಡಾಕ್ಟರಿಗೆ ತಿಳಿಸಿ. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416 ಹಗಲು ರಾತ್ರಿ ಉಚಿತ. ಕಿದ್ವಾಯಿಯ ಹತ್ತಿರವೇ ಇರುವ ನಿಮ್ಹಾನ್ಸ್‌ನ ತುರ್ತು ವಿಭಾಗವೂ 24 ಗಂಟೆ ತೆರೆದಿರುತ್ತದೆ.