ಅಪ್ಪನ ದನಿ ಸ್ಪೀಕರಿಗೆ ಕೇಳದ ಮನೆ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಉಡುಪಿ ಸಮೀಪದ ಹಂಚಿನ ಮನೆ. ತಂದೆಗೆ 74, ಪಾರ್ಕಿನ್ಸನ್ ಕಾಯಿಲೆ. ತಾಯಿಗೆ 69. ಮಗ ಮಸ್ಕತ್‌ನಲ್ಲಿ. ರಜೆಗೆ ಬಂದವನು ಬಾಯಲ್ಲಿ ಹೇಳಿದ್ದನ್ನು ಕೇಳಿ ದೀಪ, ಪ್ಲಗ್ ನಡೆಸುವ ಸ್ಮಾರ್ಟ್ ಸ್ಪೀಕರ್, ಎಂಟು ಬಲ್ಬು, ನಾಲ್ಕು ಪ್ಲಗ್, ಎರಡು ಕ್ಯಾಮರಾ ತಂದು ಜೋಡಿಸಿದ. ತಂದೆ ಸ್ಪೀಕರಿನ ವಯರನ್ನು ದಿನಾ ಕಿತ್ತಿಡತೊಡಗಿದರು. ಮಾತಿಗೆ ಮಾತು ಬೆಳೆದು ಮೂವರೂ ನಮ್ಮಲ್ಲಿಗೆ ಆಪ್ತಸಲಹೆಗೆ ಬಂದರು. ಅಪ್ಪನದು ಹಟ ಎಂಬುದು ಮಗನ ದೂರು.

ಹಟವಲ್ಲ. ಪಾರ್ಕಿನ್ಸನ್‌ನಲ್ಲಿ ದನಿ ಕುಗ್ಗುತ್ತದೆ, ಮಾತು ಒಂದರೊಳಗೊಂದು ಸೇರಿಕೊಳ್ಳುತ್ತದೆ. ಹೇಳುವವರಿಗೆ ಮಾತ್ರ ತಾವು ಸರಿಯಾಗಿಯೇ ಹೇಳಿದಂತೆ ಇರುತ್ತದೆ. ಹೆಂಡತಿಯ ಎದುರು ಯಂತ್ರದಿಂದ ಎರಡು ಸಲ 'ಅರ್ಥವಾಗಲಿಲ್ಲ' ಅನ್ನಿಸಿಕೊಂಡವರು ಮೂರನೆಯ ಸಲ ವಯರಿಗೇ ಕೈ ಹಾಕುತ್ತಾರೆ. ಮನೆಮಾತು ತುಳು, ಸ್ಪೀಕರಿಗೆ ತುಳು ಬಾರದು. ಮಳೆ ಜೋರಾದರೆ ಹಂಚಿನ ಸದ್ದಿಗೆ ಮಗನ ದನಿಯೂ ಅದಕ್ಕೆ ಮುಟ್ಟುವುದಿಲ್ಲ. ತಾಯಿಯ ಮಾತು: "ಇವರು ಹೇಳಿದ್ದು ನಂಗೇ ಕೇಳುದಿಲ್ಲ, ಆ ಡಬ್ಬಿಗೆಂತ ಕೇಳುದು?"

ಯಾವುದನ್ನು ಸ್ವಯಂಚಾಲಿತ ಮಾಡಬೇಕು ಎಂಬ ಚರ್ಚೆಯನ್ನು ಅಲ್ಲಿಗೇ ನಿಲ್ಲಿಸಿ ಒಂದು ವಾರದ ಕೆಲಸ ಕೊಟ್ಟೆವು. ಸ್ವಿಚ್‌ಬೋರ್ಡಿನ ಪಕ್ಕ ಒಂದು ನೋಟ್‌ಬುಕ್ಕು. ಸ್ವಿಚ್ಚಿಗಾಗಿ ಎದ್ದದ್ದು, ಎದ್ದು ಕಷ್ಟಪಟ್ಟದ್ದು, ಹೆದರಿದ್ದು ಎಲ್ಲವನ್ನೂ ಗಂಟೆಯ ಸಮೇತ ತಾಯಿ ಬರೆಯಬೇಕು. ಮಗ ಬರೆಯಕೂಡದು. ಮತ್ತೆಮತ್ತೆ ಬಂದದ್ದು ಮೂರೇ: ನಡುರಾತ್ರಿ ತಂದೆ ಬಚ್ಚಲಿಗೆ ಹೋಗುವುದು, ಮಲಗಿದಲ್ಲಿಂದ ಫ್ಯಾನು ಕಡಿಮೆ ಮಾಡಲಾಗದ್ದು, ಪಂಪು ಬಂದ್ ಮಾಡಲು ಮಳೆಯಲ್ಲಿ ಪಾಚಿಗಟ್ಟಿದ ಅಂಗಳ ದಾಟುವುದು. ನಾಲ್ಕು ಬಲ್ಬು ಹಾಕಿಸಿಕೊಂಡ ಚಾವಡಿಯ ಹೆಸರು ಒಮ್ಮೆಯೂ ಇರಲಿಲ್ಲ. ಮೂರರಲ್ಲಿ ಒಂದಕ್ಕೂ ದನಿ ಬೇಡ ಎಂಬುದು ಮಗನಿಗೆ ಆಶ್ಚರ್ಯ.

ಬಚ್ಚಲಿನ ದಾರಿಗೆ ಚಲನೆ ಗುರುತಿಸುವ ದೀಪ ಹೇಳಿದೆವು: 1ರಿಂದ 3 ವಾಟ್, ಹಳದಿ ಬೆಳಕು, ನೆಲದಿಂದ ಒಂದೂವರೆ ಅಡಿ ಎತ್ತರ, ಕಣ್ಣಿಗೆ ಹೊಡೆಯದೆ ಹೊಸ್ತಿಲು ಕಾಣಬೇಕು. ಇಲ್ಲೊಂದು ಸೂಕ್ಷ್ಮ ಉಂಟು. ಪಾರ್ಕಿನ್ಸನ್ ಇರುವವರ ಕಾಲು ಬಾಗಿಲಂಥ ಇಕ್ಕಟ್ಟಿನಲ್ಲಿ ನೆಲಕ್ಕೆ ಅಂಟಿದಂತೆ ನಿಂತುಬಿಡುವುದುಂಟು. ಸೆನ್ಸರ್ ನೋಡುವುದು ಮೈಬಿಸಿಯ ಚಲನೆಯನ್ನು. ಮನುಷ್ಯ ಅಲುಗದಿದ್ದರೆ ಅದರ ಲೆಕ್ಕಕ್ಕೆ ಅಲ್ಲಿ ಯಾರೂ ಇಲ್ಲ. ದೀಪ ಉರಿಯುವ ಅವಧಿ 30 ಸೆಕೆಂಡಿಗೆ ಇಟ್ಟಿದ್ದರೆ ಅವರು ಹೊಸ್ತಿಲಲ್ಲಿ ನಿಂತಿರುವಾಗಲೇ ಕತ್ತಲು. ಐದು ನಿಮಿಷಕ್ಕೆ ಇಡಿಸಿದೆವು, ಬಾಗಿಲಿನ ಎರಡೂ ಕಡೆ ಒಂದೊಂದು ದೀಪ. ಏಪ್ರಿಲ್–ಮೇ ಸೆಕೆಗೆ ಗೋಡೆಯ ಬಿಸಿ ಮೈಬಿಸಿಗೆ ಹತ್ತಿರ ಬಂದಾಗ ಈ ಸೆನ್ಸರ್ ಮಂಕಾಗುತ್ತದೆ, ಆಗ ಒಮ್ಮೆ ನಡೆದು ನೋಡಬೇಕು.

ಫ್ಯಾನಿನ ತೊಂದರೆಗೆ ರಿಮೋಟ್ ಇರುವ ಬಿಎಲ್‌ಡಿಸಿ (ಕಡಿಮೆ ಕರೆಂಟಿನ ಮೋಟಾರಿನ) ಫ್ಯಾನು. ಹಳೆಯದು 75 ವಾಟ್ ಎಳೆಯುವಲ್ಲಿ ಇದಕ್ಕೆ ಸುಮಾರು 30 ಸಾಕು, ಮಳೆಗಾಲದ ಕರೆಂಟು ಕಡಿತದಲ್ಲಿ ಇನ್ವರ್ಟರ್ ಹೆಚ್ಚು ಹೊತ್ತು ಬರುತ್ತದೆ. ಕೈ ನಡುಗುವವರಿಗೆ ರಿಮೋಟ್ ಜಾರುತ್ತದೆ. ಫ್ಯಾನಿನತ್ತ ಮುಖಮಾಡಿ ಮಂಚದ ಪಟ್ಟಿಗೆ ವೆಲ್ಕ್ರೋದಲ್ಲಿ ಅಂಟಿಸಿ, ಬೇಕಾದ ಎರಡು ಗುಂಡಿಗಳ ಮೇಲೆ ಕೆಂಪು ಟೇಪು.

ಪಂಪನ್ನು ಮಗ 10 ಆಂಪಿಯರ್ ಸ್ಮಾರ್ಟ್ ಪ್ಲಗ್ಗಿಗೆ ಹಾಕಿದ್ದ. ಒಂದು ಎಚ್‌ಪಿ ಮೋಟಾರು ಹೊರಡುವಾಗ ಓಡುವುದಕ್ಕಿಂತ ಹಲವು ಪಟ್ಟು ಕರೆಂಟು ಎಳೆಯುತ್ತದೆ. ಪ್ಲಗ್ಗಿನೊಳಗಿನ ಪುಟ್ಟ ಸ್ವಿಚ್ಚಾದ ರಿಲೇಯ ತುದಿಗಳು ಬೆಸೆದುಕೊಂಡರೆ 'ಆಫ್' ಎಂದರೂ ಪಂಪು ನಿಲ್ಲದು. ಬೇಸಗೆಯಲ್ಲಿ ಬಾವಿಯ ನೀರು ತಳಕ್ಕಿಳಿದಾಗ ಪಂಪು ನೀರಿಲ್ಲದೆ ಓಡಿ ಸೀಲು ಸುಡುತ್ತದೆ. ಅದನ್ನು ಕೂಡಲೇ ತೆಗೆಸಿ, ಟ್ಯಾಂಕಿಗೂ ಬಾವಿಗೂ ಸೆನ್ಸರ್ ಇರುವ ವಾಟರ್ ಲೆವೆಲ್ ಕಂಟ್ರೋಲರನ್ನು ಕಾಂಟ್ಯಾಕ್ಟರ್ (ಮೋಟಾರಿನ ಕರೆಂಟು ತಡೆಯುವ ಗಟ್ಟಿ ಸ್ವಿಚ್ಚು) ಮೂಲಕ ಹಾಕಿಸಲು ಹೇಳಿದೆವು. ಎಲೆಕ್ಟ್ರೀಷಿಯನ್ನೇ ಮಾಡಬೇಕು.

ಬಲ್ಬುಗಳಲ್ಲಿ ಅಂಗಳದ್ದೊಂದೇ ಉಳಿಯಿತು, ಸೂರ್ಯಾಸ್ತಕ್ಕೆ ತಾನೇ ಹತ್ತುವಂತೆ. ಉಳಿದ ಕಡೆ ತಾಯಿ ಅಭ್ಯಾಸಬಲದಿಂದ ಗೋಡೆಯ ಸ್ವಿಚ್ ಆರಿಸುತ್ತಾರೆ, ಮತ್ತೆ ಆ ಬಲ್ಬಿಗೆ ಯಾರ ಮಾತೂ ಕೇಳದು. ಕರೆಂಟು ಬಂದಾಗ ನಡುರಾತ್ರಿ ತಾನಾಗಿ ಉರಿಯದಿರಲು ಆ್ಯಪಿನಲ್ಲಿ 'ಹಿಂದಿನ ಸ್ಥಿತಿ' ಎಂಬುದನ್ನು ಆಯ್ದಿಡಬೇಕು. ಗೀಸರ್ ಬೇಡವೆಂದರು ತಾಯಿ: ತೆಂಗಿನ ಮಡಲು ಹಾಕಿ ಹಂಡೆ ಕಾಯಿಸುವುದು ಅವರ ಬೆಳಗಿನ ಕೆಲಸ. ನಾವು ಒತ್ತಾಯಿಸಲಿಲ್ಲ.

ಕ್ಯಾಮರಾದ ವಿಷಯಕ್ಕೆ ಹೆಚ್ಚು ಹೊತ್ತು ಹಿಡಿಯಿತು. ಮಲಗುವ ಕೋಣೆಯ ಕ್ಯಾಮರಾ ತೆಗೆಯದೆ ತಂದೆ ಬೇರೆ ಮಾತಿಗೇ ಒಪ್ಪಲಿಲ್ಲ. ಅದು ಅವರ ಹಕ್ಕು ಎಂದು ಮಗನಿಗೆ ನೇರವಾಗಿಯೇ ಹೇಳಿದೆವು. ಈಗ ಇರುವುದು ಗೇಟಿನದ್ದು ಮಾತ್ರ. ಆ ಸ್ಪೀಕರಿನ ಅಲೆಕ್ಸಾದಲ್ಲಿ, ಈ ಕಡೆಯವರು ಎತ್ತದೆಯೇ ಕರೆ ತೆರೆದುಕೊಳ್ಳುವ 'ಡ್ರಾಪ್ ಇನ್' ಉಂಟು. ಅದನ್ನು ಆ್ಯಪಿನಲ್ಲಿ ಬಂದ್ ಮಾಡಿಸಿ, ಬದಲಿಗೆ ರಾತ್ರಿ ಏಳೂವರೆಗೆ ಮಾಮೂಲಿ ಫೋನು ಎಂದು ಗೊತ್ತುಮಾಡಿದೆವು. ಸ್ಪೀಕರ್ ತಾಯಿಯ ಅಡುಗೆಮನೆಗೆ ಹೋಯಿತು, ಭಜನೆಗೆ ಮತ್ತು ಕುಕ್ಕರಿನ ಟೈಮರಿಗೆ.

ದನಿಗೆ ತೆರೆಯುವ ಬೀಗದ ಆಸೆಯನ್ನು ಮಗ ಬಿಟ್ಟಿಲ್ಲ. ಅದರ ತೀರ್ಮಾನವಾಗುವವರೆಗೆ ಪಕ್ಕದ ಮನೆಯಲ್ಲೊಂದು ಕೀಲಿಕೈ ಇರಲಿ, ಒಳಗಿನಿಂದ ಚಿಲಕ ಹಾಕಬೇಡಿ ಎಂದಿದ್ದೇವೆ. ತಂದೆಯ ದನಿಗಾಗಿ ಸ್ಪೀಚ್ ಥೆರಪಿಸ್ಟ್‌ಗೆ ಚೀಟಿ ಬರೆದುಕೊಟ್ಟಿದ್ದೇವೆ.